ಕೂಗಳತೆ

ನಿಟ್ಟೂರಿನಲ್ಲಿ ಚಾ ಕುಡಿದು ಹೊರಟಾಗ ಆರೂಕಾಲು.
ಜೋಗದಿಂದ ನಡೆಯತೊಡಗಿ ಇದು ಮೂರನೇ ಬೆಳಗು.
ಎಡಗಾಲ ಹೆಬ್ಬೆರಳ ಬೊಬ್ಬೆ ಒಡೆದು
ಹಚ್ಚಿದ ಅರಿಸಿನ ಕಾಲುಚೀಲದ ಮೇಲೆ ಮೂಡಿದೆ.
ಹದಿನೇಳು ವರ್ಷ ಭದ್ರಾವತಿ ಡಿಪೋದ ಬಸ್ಸಿನಲ್ಲಿ
ನಿಂತೇ ಊರೂರು ಸುತ್ತಿದ ಕಂಡಕ್ಟರು ನಾನು.
ಸುತ್ತಿದ್ದು ಬಸ್ಸು, ನೀನಲ್ಲ
ಎನ್ನುತ್ತಿವೆ ಈಗ ಮೀನಖಂಡಗಳು.

ಗದ್ದೆ ಬದುವಿನಲ್ಲಿ ಹುಲ್ಲುಹೊರೆ ಹೊತ್ತ ಹೆಂಗಸು
ನಿಲ್ಲಿಸಿ ಕೇಳಿದಳು:
ಗುಡ್ಡ ಹತ್ತಿದ್ರೆ ದುಡ್ಡು ಕೊಡ್ತಾರನೇ?
ಇಲ್ಲ.
ಮತ್ತೆ ಎಂಥಕ್ಕೆ?
ಉತ್ತರ ಹುಡುಕುವಷ್ಟರಲ್ಲಿ ಹುಲ್ಲುಹೊರೆ
ತಿರುವಿನಲ್ಲಿ ತಾನೇ ನಡೆದುಹೋಯಿತು.

ಕಟ್ಟಿನಹೊಳೆ ದಾಟಿದರೆ ಬಿಸಿಲು ಚಿಲ್ಲರೆಯಾಗುತ್ತದೆ,
ಎಲೆ ಸಂದಿಯಿಂದ ಎಂಟಾಣೆ, ನಾಲ್ಕಾಣೆ.
ಇಂಬಳಗಳು ಹುಲ್ಲಿನ ತುದಿಗೆ ಎದ್ದು ನಿಂತು
ಟಿಕೆಟ್ಟಿಲ್ಲದೆ ಹತ್ತುವ ಹೈಕಳಂತೆ ಕಾಯುತ್ತವೆ.
ಕೋಲಿನ ತುದಿಯಲ್ಲಿ ಉಪ್ಪಿನ ಗಂಟಿದೆ;
ಮುಟ್ಟಿಸಿದರೆ ಸಾಕು, ವಾದ ಮಾಡದೆ ಇಳಿಯುತ್ತವೆ.

ಹಿಡ್ಲುಮನೆ ಅಬ್ಬಿಯ ಬುಡದಲ್ಲಿ
ಬೂಟಿನ ಅಟ್ಟೆ ಕೈಯಲ್ಲಿ ಹಿಡಿದು ಕೂತಿದ್ದರು
ಫಕೀರಪ್ಪ ಮಾಸ್ತರರು, ಗದಗ ಸೀಮೆಯವರು, ಅರವತ್ತು ದಾಟಿದವರು.
‘ಮೂವತ್ತು ವರ್ಷ ಭೂಗೋಳ ಕಲಿಸೀನ್ರಿ ಅಕ್ಕಾರ,
ನಕಾಶದಾಗ ಈ ಗುಡ್ಡ
ಒಂದು ಬಟ್ಟಿನಾಗ ಮುಚ್ಚತಿತ್ತು.’
ನೋಟಿನ ಕಟ್ಟಿಗೆ ಹಾಕುವ ರಬ್ಬರ್ ಬ್ಯಾಂಡು
ರಜೆಯಲ್ಲೂ ನನ್ನ ಮಣಿಕಟ್ಟು ಬಿಟ್ಟಿರಲಿಲ್ಲ.
ಒಂಬತ್ತನ್ನೂ ಬಿಚ್ಚಿ ಬೂಟಿಗೆ ಬಿಗಿದೆ.
ಎದ್ದು ನಾಲ್ಕು ಹೆಜ್ಜೆ ಹಾಕಿ ಹೇಳಿದರು, ‘ಜಗ್ಗತೈತಿ.’

ಮೇಲಿಂದ ಒಬ್ಬಳೇ ಇಳಿದು ಬಂದಳು ಜೆಸಿಂತಾ, ಸಾಗರದವಳು,
ಮೊಣಕಾಲಿಗೆ ಪಟ್ಟಿ, ಜೇಬಿನ ತುಂಬ ಬೆಟ್ಟದ ನೆಲ್ಲಿ.
ತಲಾ ಎರಡು ಕೊಟ್ಟಳು.
ಜಗಿದು, ಅಬ್ಬಿಯ ನೀರು ಕುಡಿದರೆ
ಗಂಟಲೆಲ್ಲ ಸಿಹಿ.
ಇನ್ನೆಷ್ಟು ದೂರ?
ಇಲ್ಲೇ, ಒಂದು ಕೂಗಳತೆ ಎಂದಳು,
ನಮ್ಮ ಮುಖ ನೋಡದೆ.

ಮೂರು ಏರು. ಮೂರರಲ್ಲೂ ಬೇರು ಹಿಡಿದೇ ಹತ್ತಿದ್ದು.
ತರೀಕೆರೆಯ ಅಣ್ಣತಮ್ಮ, ಮುನೀರ್ ಜಮೀರ್,
ಒಂದೇ ಕಂಬಳಿ ಹೊತ್ತು, ದಿಕ್ಕು ಯಾವುದೆಂದು ಜಗಳಾಡುತ್ತ
ನಮ್ಮನ್ನು ಹಿಂದಿಕ್ಕಿದರು; ಮುಂದೆ ದಾರಿ ತಪ್ಪಿ
ಪೊದೆ ಸೀಳಿಕೊಂಡು ಮತ್ತೆ ನಮ್ಮ ಹಿಂದೆಯೇ ಬಂದರು.
ಮಾಸ್ತರರು ಮಾತ್ರ ನಿಧಾನ.
‘ನೀವು ನಡೀರಿ, ನಂದು ಪ್ಯಾಸೆಂಜರ್ ಗಾಡಿ.’
ನಡೆದುಬಿಟ್ಟೆವು.

ತುದಿಯ ಬೋಳು ಹುಲ್ಲಿನಲ್ಲಿ ಗಾಳಿ.
ಪಡುವಣಕ್ಕೆ ಕಡಲು, ತಗಡಿನ ಒಂದು ಗೀಟು.
ಅದನ್ನು ನೋಡುತ್ತ ನಿಂತವಳಿಗೆ
ಹೊತ್ತು ಮುಳುಗಿದ್ದು ತಿಳಿಯಲಿಲ್ಲ.
ಮಂಜು ಕಣಿವೆ ತುಂಬಿ ಕಾಲಿನವರೆಗೆ ಬಂತು.
ಮಾಸ್ತರರು ಬರಲಿಲ್ಲ.
ಮುನೀರ್ ಬ್ಯಾಟರಿ ಬಿಟ್ಟ; ಬೆಳಕು
ಮಂಜಿಗೆ ಡಿಕ್ಕಿ ಹೊಡೆದು ಅವನ ಮುಖಕ್ಕೇ ಬಿತ್ತು.
ಸೀಟಿ ಡಿಪೋದಲ್ಲಿ ಬಿಟ್ಟು ಬಂದಿದ್ದೆ.
ಹೆಸರು ಹಿಡಿದು ಕೂಗಲು ಬಾಯಿ ತೆರೆದರೆ
ಗಂಟಲಿಗೆ ಗೊತ್ತಿದ್ದ ಕೂಗು ಒಂದೇ:

ತೀರ್ಥಳ್ಳೀ ಶಿಮೊಗ್ಗ ಭದ್ರಾವತೀ
ಭದ್ರಾವತೀ ಭದ್ರಾವತೀಽ

ಕಣಿವೆ ಅದನ್ನು ಬಾಯಲ್ಲಿ ಹೊರಳಿಸಿ ನುಂಗಿತು.
ಜಮೀರ್ ನಗಲಿಲ್ಲ.
ಮತ್ತೆ ಕೂಗಿದೆ. ಮೂರನೇ ಸಲಕ್ಕೆ
ಬಿಳಿಯೊಳಗಿಂದ ಬಂತು, ಕ್ಷೀಣವಾಗಿ, ಕೆಮ್ಮಿನೊಂದಿಗೆ:
‘ಗದಗ ಒಂದು ಕೊಡ್ರೀಽ’

ಆಮೇಲೆ ಅರ್ಧ ಗಂಟೆ ಹೀಗೇ,
ನಾನು ಒಂದು ಊರು, ಅವರು ಒಂದು ಊರು,
ಹೊನ್ನಾಳಿಗೆ ಹರಿಹರ, ಹರಿಹರಕ್ಕೆ ಹಾವೇರಿ.
ಒಂದೊಂದು ಊರಿಗೂ ದನಿ ಹತ್ತಿರವಾಯಿತು.
ಹುಬ್ಬಳ್ಳಿ ತಲುಪುವಾಗ ಟೋಪಿ ಕಂಡಿತು.

ಪ್ರವಾಸಿ ಬಂಗಲೆಯ ಜಗಲಿಯಲ್ಲಿ ಅನ್ನ, ಮಾವಿನಮಿಡಿ.
ಅಭ್ಯಾಸಬಲ, ತಲೆ ಎಣಿಸಿದೆ: ಮೂರು.
ಯಾರೋ ಕಡಿಮೆ ಎಂದು ಎದೆ ಧಸಕ್ಕೆಂದಿತು.
ಬಸ್ಸಿನ ಲೆಕ್ಕದಲ್ಲಿ ಕಂಡಕ್ಟರು ಬರುವುದಿಲ್ಲ;
ಮಾಸ್ತರರು ನನ್ನತ್ತ ಬೆರಳು ಚಾಚಿ ‘ನಾಕು’ ಎಂದರು,
ಬೆರಳು ನೆಕ್ಕುತ್ತ.

ಬೆಳಗ್ಗೆ ಅವರು ಕೊಲ್ಲೂರಿನ ಕಡೆ ಇಳಿದರು,
ಬೂಟಿನಲ್ಲಿ ನನ್ನ ಒಂಬತ್ತು ಬ್ಯಾಂಡು.
ನಾನು ನಗರದ ದಾರಿ ಹಿಡಿದೆ.
ಮಣಿಕಟ್ಟಿನಲ್ಲಿ ಬಿಸಿಲು ಕಾಣದ ಬಿಳಿ ಪಟ್ಟಿ,
ಅಲ್ಲೊಂದು ಇಂಬಳ, ತುಂಬಿಕೊಂಡು ಕೂತಿತ್ತು.
ಉಪ್ಪು ಮುಗಿದಿತ್ತು.
ಇರಲಿ, ಮುಂದಿನ ಸ್ಟಾಪಿಗೆ ಇಳಿಯುತ್ತದೆ.